ಅರ್ಧಕ್ಕೆ ಬಿಡುವುದನ್ನು ಕಲಿಸುವಾಕೆ

ಬೆಳಗಿನ ಐದೂವರೆ. ಕಡಲತಡಿಯ ಊರು ಟೌನ್ಸ್‌ವಿಲ್‌ನ ಆಸ್ಪತ್ರೆಯೊಂದರ ಕಾರು ನಿಲ್ದಾಣ. ಡೆನೀಸ್ ಟಕ್‌ವೆಲ್ ತಮ್ಮದಲ್ಲದ ಕಾರಿನಲ್ಲಿ ಕೂತಿದ್ದಾರೆ. ಪಕ್ಕದಲ್ಲಿ ಕಾರಿನೊಡತಿ, ತುರ್ತು ವಿಭಾಗದ ದಾದಿ ಒಡೆಟ್ ಪ್ರೌಸ್. ಎಂಜಿನ್ ಆರಿ ಹತ್ತು ನಿಮಿಷವಾಗಿದೆ. ಒಡೆಟ್‌ರ ಕೈಗಳು ಇನ್ನೂ ಸ್ಟೀರಿಂಗ್ ಬಿಟ್ಟಿಲ್ಲ. ಕೆಲಸದ ಭಾರಕ್ಕೆ ಕುಸಿದು ತೆಗೆದುಕೊಂಡ ಹನ್ನೊಂದು ವಾರದ ರಜೆ ಮುಗಿಸಿ ಒಡೆಟ್ ಇವತ್ತು ಕೆಲಸಕ್ಕೆ ಮರಳಬೇಕು. ಮತ್ತೆ ಕುಸಿದರೆ ಈ ಕೆಲಸವನ್ನೇ ಬಿಡುತ್ತೇನೆಂದು ಗಂಡನಿಗೆ ಮಾತು ಕೊಟ್ಟಿದ್ದಾರೆ.

"ಹೇಗಿದ್ದೀಯಾ ಅಂತ ಕೇಳಲ್ಲ," ಎನ್ನುತ್ತಾರೆ ಡೆನೀಸ್. "ಪರವಾಗಿಲ್ಲ ಅಂತೀಯ. ಈ ಊರಲ್ಲಿ ಮೊಸಳೆ ಕಚ್ಚಿದೋರೂ ಹಾಗೇ ಅನ್ನೋದು."

ಒಡೆಟ್ ನಗುತ್ತಾರೆ. ಒಂದು ಕೈ ಸಡಿಲವಾಗುತ್ತದೆ.

ಡೆನೀಸ್‌ಗೆ ಅರವತ್ತೊಂದು. ಹಿಂದೆ ಅವರೂ ದಾದಿ. ಇಂಥದೇ ಕಾರಿನಲ್ಲಿ ಕೂತು ಅತ್ತವರು. ಈಗ ಮನೋಚಿಕಿತ್ಸಕಿ. ದಿನಕ್ಕೆ ಐದು ಜನ, ವಾರಕ್ಕೆ ನಾಲ್ಕು ದಿನ: ವೈದ್ಯರು, ಮೇಷ್ಟ್ರುಗಳು, ವಕೀಲರು. ಆತಂಕದಿಂದ ನಿದ್ದೆಗೆಟ್ಟವರು, ದುಡಿದು ಬತ್ತಿಹೋದವರು. "ನನ್ನ ಕೋಣೇಲಿ ಇವರು ಮೀಟಿಂಗಿಗೆ ಬಂದ ಹಾಗೆ ಮಾತಾಡ್ತಾರೆ. ಅಳೋದು ಕಾರಲ್ಲಿ. ಅದಕ್ಕೇ ನಾನೇ ಬರ್ತೀನಿ."

ಮೊದಮೊದಲು ಉಸಿರಾಟದ ಅಭ್ಯಾಸ ಬರೆದುಕೊಡುತ್ತಿದ್ದರು. "ಎಲ್ರೂ ನೂರಕ್ಕೆ ನೂರು ತಗೊಂಡ್ರು. ಯಾರಿಗೂ ವಾಸಿಯಾಗ್ಲಿಲ್ಲ!" ಒಡೆಟ್ ಅಂತೂ ವಿಶ್ರಾಂತಿಗೇ ಬಣ್ಣಬಣ್ಣದ ವೇಳಾಪಟ್ಟಿ ಮಾಡಿ ತಂದಿದ್ದರು.

"ಹರಿದು ಹಾಕು ಕಣೇ."

"ಒಂದು ಪ್ರತಿ ತೆಗೆದಿಟ್ಕೊಂಡು ಹರೀಲಾ?"

ಅಂದಿನಿಂದ ಒಂದೇ ಮನೆಪಾಠ: ದಿನಕ್ಕೊಂದು ಕೆಲಸ ಅರ್ಧಕ್ಕೆ ಬಿಡುವುದು. ಮೊದಲ ವಾರ ತೊಳೆಯದೆ ಬಿಟ್ಟ ಒಂದು ತಟ್ಟೆ ಒಡೆಟ್‌ರ ನಿದ್ದೆ ಕೆಡಿಸಿತ್ತು.

"ಇವತ್ತು ಮೂರೂವರೆಗೆ ಪಾಳಿ ಮುಗಿಯುತ್ತೆ. ಮೂರೂವರೆಗೇ ಆಚೆ ಬಾ," ಎನ್ನುತ್ತಾರೆ ಡೆನೀಸ್.

"ಆಗ್ಲೇ ಯಾರಾದ್ರೂ ರೋಗಿ ಬಂದ್ರೆ?"

"ಮುಂದಿನ ಪಾಳಿಯೋರಿಗೆ ಕೈಯಿಲ್ವಾ?"

ಒಡೆಟ್ ಇಳಿದು ಒಳಗೆ ಹೋಗುತ್ತಾರೆ. ಈ ಲೇಖನದಲ್ಲಿ ಅವರ ಹೆಸರು ಹಾಕಬಹುದೇ ಎಂದು ನಾನು ಕೇಳಿದ್ದಕ್ಕೆ, "ಹಾಕಿ. ಈ ನಿಲ್ದಾಣದ ಕಾರುಗಳಲ್ಲಿ ನನ್ನಂಥೋರು ಇನ್ನೂ ಇದ್ದಾರೆ," ಎಂದಿದ್ದಾರೆ.

ಮೂರು ವಾರ ಕಳೆದಿದೆ. ಗುರುವಾರ ಸಂಜೆ ನಾಲ್ಕೂವರೆಗೆ ಒಡೆಟ್ ಡೆನೀಸ್‌ರ ಕೋಣೆಗೆ ಬರಬೇಕು. ಯಾವಾಗಲೂ ಹತ್ತು ನಿಮಿಷ ಮೊದಲೇ ಬರುವವರು. ನಾಲ್ಕೂ ಐವತ್ತಾದರೂ ಸುಳಿವಿಲ್ಲ. ಡೆನೀಸ್ ಎರಡು ಸಲ ಕಿಟಕಿಯಾಚೆ ನೋಡಿ, ತುಟಿ ಕಚ್ಚಿಕೊಂಡು ಫೋನ್ ಮಾಡುತ್ತಾರೆ.

"ಅಯ್ಯೋ ಡೆನೀಸ್! ಮರೆತೇ ಹೋಯ್ತು! ಪಾಳಿ ಮುಗಿಸಿ ಸಮುದ್ರಕ್ಕೆ ಬಂದ್ಬಿಟ್ಟೆ, ಈಜೋಕೆ. ತಪ್ಪಾಯ್ತು, ಹತ್ತೇ ನಿಮಿಷ, ಒದ್ದೆ ಬಟ್ಟೇಲೇ ಬರ್ತೀನಿ."

"ಬಂದ್ರೆ ಬಾಗಿಲು ತೆಗೆಯಲ್ಲ, ನೋಡು."

ಫೋನ್ ಇಟ್ಟು, ತಣ್ಣಗಾದ ಚಹಾವನ್ನು ನೆಮ್ಮದಿಯಿಂದ ಕುಡಿಯುತ್ತಾರೆ. "ಹುಟ್ಟಿದಾಗಿಂದ ಒಂದನ್ನೂ ತಪ್ಪಿಸದ ಹೆಂಗಸು. ಮೊದಲು ತಪ್ಪಿಸಿದ್ದು ನನ್ನನ್ನ," ಎನ್ನುತ್ತಾರೆ.