ಬಾಯಿ ತೊಳೆಯುವ ಹೊತ್ತಿಗೆ ಬಾಗಿಲಿಗೆ ಬರುವ ಬಾಲಮಣಿ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಮನೂರಿನ ಉಮಾಬಾಯಿ ಅಂಗಳದ ಕಲ್ಲಿನ ಮೇಲೆ ಕೂತು ಡಬ್ಬಿಗೆ ಬೆರಳು ಅದ್ದುತ್ತಿದ್ದಾರೆ. ನಾರಾಯಣಖೇಡ್‌ನ ಮೊದಲ ಶೇರ್ ಆಟೊದಿಂದ ಇಳಿದ ಬಾಲಮಣಿ ಸೀದಾ ಎದುರಿಗೆ ಬಂದು ನಿಲ್ಲುತ್ತಾರೆ.

“ಏನದು ಆಯಿ, ಬೆರಳಿಗೆ?”

“ಮಿಸ್ರಿ.”

“ಬಿಟ್ಟೀನಿ ಅಂದಿದ್ರಿ ಡಾಕ್ಟರಮ್ಮನ ಮುಂದ.”

“ಸ್ಕ್ರೂ ಇದ್ದ ಕಡಿ ಬಿಟ್ಟೀನವ್ವಾ. ಎಡಕ್ಕ ಮುಟ್ಟೇ ಇಲ್ಲ. ಬಲಕ್ಕಷ್ಟೇ ತಿಕ್ಕತೀನಿ. ನಾ ಏನು ಸುಳ್ಳು ಹೇಳಾಕಿ ಅಲ್ಲ.”

“ಹೌದ್ ಬಿಡ್ರಿ. ಬಾಯಾಗ ನಡುವ ಗ್ವಾಡಿ ಕಟ್ಟೀರಿ.”

ಬಾಲಮಣಿ ನಾರಾಯಣಖೇಡ್‌ನ ಒಂದು ಸಣ್ಣ ಹಲ್ಲಿನ ದವಾಖಾನೆಯ ಸಹಾಯಕಿ. ಕಸ ಗುಡಿಸಲು ಸೇರಿದವರು ಈಗ ಉಪಕರಣ ಕುದಿಸಿ ತೊಳೆಯುತ್ತಾರೆ, ಹೆದರಿದವರ ಕೈ ಹಿಡಿದು ಕೂರುತ್ತಾರೆ. ಅಲ್ಲಿನ ಡಾಕ್ಟರ್ ಪೂರ್ಣಿಮಾ ಹಲ್ಲು ಹೋದ ಜಾಗದಲ್ಲಿ ದವಡೆಯ ಎಲುಬಿಗೆ ಸ್ಕ್ರೂ ಕೂಡಿಸಿದ ಮೇಲೆ, ಎಲುಬು ಅದನ್ನು ಬಿಗಿಯಾಗಿ ಹಿಡಿಯಲು ಕೆಲವು ತಿಂಗಳು ಬೇಕು. ಆಮೇಲೆಯೇ ಅದರ ಮೇಲೆ ಹೊಸ ಹಲ್ಲು. ಆ ತಿಂಗಳುಗಳಲ್ಲಿ ತಂಬಾಕು ಬಾಯಿಗೆ ಹೋದರೆ ಸ್ಕ್ರೂ ಸುತ್ತಲಿನ ಎಲುಬು ಸವೆಯಬಹುದು. ಮಿಸ್ರಿ ಎಂದರೆ ಸುಟ್ಟ ತಂಬಾಕಿನ ಪುಡಿ. ಈ ಭಾಗದ ಎಷ್ಟೋ ಹೆಂಗಸರಿಗೆ ಅದನ್ನು ಹಲ್ಲಿಗೆ ತಿಕ್ಕದೆ ಬೆಳಗೇ ಆಗುವುದಿಲ್ಲ.

ಉಮಾಬಾಯಿಯ ಎಕ್ಸ್‌ರೇಯಲ್ಲಿ ಸ್ಕ್ರೂ ಸುತ್ತಲಿನ ಎಲುಬು ಆಗಲೇ ಸವೆದು ಕೆಳಗಿಳಿದಿತ್ತು. ಇನ್ನಷ್ಟು ಇಳಿದರೆ ಸ್ಕ್ರೂ ತೆಗೆಯಬೇಕು, ಇನ್ನೊಂದು ಹಾಕಲು ಎಲುಬು ಉಳಿಯುವುದು ಅನುಮಾನ ಎಂದು ಡಾಕ್ಟರ್ ಹೇಳಿಬಿಟ್ಟಿದ್ದರು.

“ಕುರ್ಚಿ ಮ್ಯಾಲ ಕುಂತಾಗ ಎಲ್ಲಾರೂ ಹೂಂ ಅಂತಾರ್ರಿ,” ಎನ್ನುತ್ತಾರೆ ಬಾಲಮಣಿ. “ಖರೆ ಗೊತ್ತಾಗಬೇಕಂದ್ರ ಬಾಯಿ ತೊಳಿಯೋ ಹೊತ್ತಿಗೆ ಹೋಗಬೇಕು.” ಹಾಗಾಗಿ ದವಾಖಾನೆ ತೆರೆಯುವ ಮೊದಲು ಅವರ ಹಳ್ಳಿ ಸುತ್ತಾಟ. ಕೆಲವರು ಅವರನ್ನು ‘ಹಲ್ಲಿನ ಪೊಲೀಸ್’ ಎಂದು ರೇಗಿಸುತ್ತಾರೆ. ಕುರಿ ಕಾಯುವ ಬೀರಣ್ಣನಂತೂ ಅವರನ್ನು ಕಂಡ ಗಾಬರಿಗೆ ಹೊತ್ತಿದ ಬೀಡಿ ಜೇಬಿಗೆ ಹಾಕಿ ಅಂಗಿ ಸುಟ್ಟುಕೊಂಡಿದ್ದಾನೆ.

ಆದರೆ ಅವರು ಬೈಯುವವರಲ್ಲ. ಉಮಾಬಾಯಿಯ ಕೈಗೆ ತೊಗರಿ ತುಂಬಿದ ಮೊರ ಕೊಟ್ಟು, ಜೊತೆಗೆ ಕೂತು ಕಲ್ಲು ಆರಿಸುತ್ತಾರೆ. ಎರಡೂ ಕೈಗೆ ಕೆಲಸ ಸಿಕ್ಕರೆ ಬೆರಳು ಡಬ್ಬಿಗೆ ಹೋಗುವುದಿಲ್ಲ.

“ಹೊಟ್ಟಿ ಸಾಫ್ ಆಗಂಗಿಲ್ಲ ನೋಡು, ಮಿಸ್ರಿ ಇಲ್ದಿದ್ರ,” ಎಂದು ಉಮಾಬಾಯಿ ಗೊಣಗುತ್ತಾರೆ.

“ಬಿಸಿನೀರು ಕುಡೀರಿ. ನನ್ನ ಬೈರಿ. ಡಬ್ಬಿ ಮಾತ್ರ ಮುಟ್ಟಬ್ಯಾಡ್ರಿ.”

ಮೊದಮೊದಲು ಉಮಾಬಾಯಿ ಮನಸಾರೆ ಬೈದದ್ದೂ ಉಂಟು. ಬರಬರುತ್ತ ಬೈಗುಳ ಹೋಗಿ ಮಾತು ಬಂತು, ಆಮೇಲೆ ಚಹಾ ಬಂತು. ಮಳೆಗಾಲ ಮುಗಿಯುವ ಹೊತ್ತಿಗೆ ಡಬ್ಬಿಯನ್ನು ಅವರೇ ತಿಪ್ಪೆಗೆ ಎಸೆದಿದ್ದರು.

ಅಂಗಳದ ಆ ಬೆಳಗು ಕಳೆದು ತಿಂಗಳುಗಳಾಗಿವೆ. ಇಂದು ದವಾಖಾನೆಯಲ್ಲಿ ಡಾಕ್ಟರ್ ಹಳೆಯ, ಹೊಸ ಎಕ್ಸ್‌ರೇಗಳನ್ನು ಬೆಳಕಿಗೆ ಹಿಡಿದಿದ್ದಾರೆ. ಉಮಾಬಾಯಿ ಸೆರಗು ಬಿಗಿಯಾಗಿ ಹಿಡಿದಿದ್ದಾರೆ. ಬಾಲಮಣಿ ಉಸಿರನ್ನೇ.

“ಸವೆತ ಅಲ್ಲೇ ನಿಂತದ. ಸ್ಕ್ರೂ ಗಟ್ಟಿ ಅದ. ಹಲ್ಲು ಕೂಡಿಸೋಣ.”

ಹೊಸ ಹಲ್ಲು ಹೊತ್ತು ಹೊರಬಂದ ಉಮಾಬಾಯಿ ಬೆಂಚಿನ ಮೇಲೆ ಕಾಯುತ್ತಿದ್ದವರಿಗೆಲ್ಲ ಬಾಯಿ ತೆರೆದು ತೋರಿಸುತ್ತಾರೆ. “ಈಕಿ ಮನಿಗಿ ಬಂದ್ರ ಹಿಂದಿನ ಬಾಗಲ್ದಿಂದ ಓಡಬ್ಯಾಡ್ರಿ. ಓಡಿದ್ರೂ ಬಿಡಾಕಿ ಅಲ್ಲ.”

ಬೆಂಚಿನವರು ನಗುತ್ತಾರೆ. ಬಾಲಮಣಿ ಎಕ್ಸ್‌ರೇಯನ್ನು ಇನ್ನೊಮ್ಮೆ ಬೆಳಕಿಗೆ ಹಿಡಿದು ನೋಡುತ್ತಾರೆ.

“ಸ್ಕ್ರೂ ಕೂಡಿಸಿದ್ದು ಡಾಕ್ಟರಮ್ಮ. ಎಲುಬು ಉಳಿಸಿದ್ದು ಮಾತ್ರ ನಾವಿಬ್ರೂ ಕೂಡಿ, ಆಯಿ ಮತ್ತ ನಾನು.”