ಕೊಯ್ದ ಗುರುತು ಕಾಣಬಾರದು

ಬೆಳಿಗ್ಗೆ ಐದೂ ಮುಕ್ಕಾಲು. ಮಂಜು ಇನ್ನೂ ಮರಗಳ ಸೊಂಟದ ಮಟ್ಟಕ್ಕೆ ನಿಂತಿದೆ. ಕಾಲುದಾರಿಗೆ ಅಡ್ಡವಾಗಿ ಬಿದ್ದ ಮರವೊಂದರ ಪಕ್ಕದಲ್ಲಿ ಐವತ್ತೆರಡು ವರ್ಷದ ಹೆಂಗಸೊಬ್ಬರು ಮಂಡಿಯೂರಿ ಗರಗಸ ಎಳೆಯುತ್ತಿದ್ದಾರೆ. ತಲೆಗೆ ಕಟ್ಟಿದ ದೀಪದ ಬೆಳಕಿನಲ್ಲಿ ಹೊಟ್ಟು ಹಿಟ್ಟಿನ ಹಾಗೆ ಉದುರುತ್ತಿದೆ. ಒಂದೂವರೆ ಅಡಿ ದಪ್ಪದ ಮರ, ಇನ್ನೂ ಹಸಿ. ಅರ್ಧ ಕೊಯ್ಯುವಷ್ಟರಲ್ಲಿ ತನ್ನ ಭಾರಕ್ಕೇ ಬಾಗಿ ಗರಗಸವನ್ನು ಕಚ್ಚಿಕೊಳ್ಳುತ್ತದೆ. ಅವರು ಸಿಟ್ಟಾಗುವುದಿಲ್ಲ. ಚೀಲದಿಂದ ಮರದ ಬೆಣೆಯೊಂದನ್ನು ತೆಗೆದು ಸೀಳಿನೊಳಗೆ ಹೊಡೆದು, ಬಾಯಿ ಬಿಡಿಸಿ, ಮತ್ತೆ ಎಳೆಯುತ್ತಾರೆ.

"ಹಟ ಮಾಡ್ತಿದೆ," ಎನ್ನುತ್ತಾರೆ, ಊಟಕ್ಕೆ ಬಾಯಿ ತೆರೆಯದ ಮಗುವಿನ ಬಗ್ಗೆ ಹೇಳುವ ಧಾಟಿಯಲ್ಲಿ. "ಮಾಡ್ಲಿ. ಎಂಟು ಗಂಟೆಯೊಳಗೆ ಮುಗಿಸ್ಬೇಕು ಅಷ್ಟೆ."

ಬಲ್ಲವರು ಇವರನ್ನು ಕರೆಯುವುದು ದಾರಿಯಕ್ಕ ಎಂದು. ಹಾಗೆ ಕರೆಯುವವರೂ ಹೆಚ್ಚಿಲ್ಲ, ಏಕೆಂದರೆ ನೋಡಿದವರೇ ಕಡಿಮೆ. ಬಸ್ಸಿನ ಕೊನೆಯ ನಿಲ್ದಾಣದಿಂದ ಬೆಟ್ಟದ ಮೇಲಿನ ಕೆರೆಯವರೆಗೆ ಏಳು ಕಿಲೋಮೀಟರ್ ಕಾಲುದಾರಿ ಇದೆ. ಆಮೇಲೆ ಬರೀ ಕಾಡು. ಫೋನು ಸತ್ತುಹೋಗುತ್ತದೆ, ಅಂಗಡಿ ಇಲ್ಲ, ಬೇಲಿ ಇಲ್ಲ. ಪೇಟೆಯ ಗದ್ದಲದಿಂದ ತಪ್ಪಿಸಿಕೊಂಡು ಎರಡು ದಿನ ಉಸಿರಾಡಲು ಜನ ಇಲ್ಲಿಗೆ ಬರುತ್ತಾರೆ. ಆ ಏಳು ಕಿಲೋಮೀಟರ್ ಹಾದಿಯನ್ನು ಹತ್ತೊಂಬತ್ತು ವರ್ಷಗಳಿಂದ ಒಬ್ಬರೇ ಕಾಯುತ್ತಿರುವವರು ದಾರಿಯಕ್ಕ.

ಅವರ ಕೆಲಸದ ಲೆಕ್ಕ ಕೇಳಿದರೆ ಬೆರಳು ಮಡಚುತ್ತಾ ಹೇಳುತ್ತಾರೆ. ಮಳೆನೀರು ದಾರಿಯನ್ನು ಕೊಚ್ಚಿಕೊಂಡು ಹೋಗದಂತೆ ಅಡ್ಡಕ್ಕೆ ತೋಡಿದ ಕಿರುಗಾಲುವೆಗಳು ನೂರ ನಲವತ್ತಮೂರು. ಒಂದೊಂದರಲ್ಲೂ ಕಟ್ಟಿಕೊಳ್ಳುವ ಎಲೆ, ಕೆಸರನ್ನು ವಾರಕ್ಕೊಮ್ಮೆ ಗುದ್ದಲಿಯಿಂದ ತೆಗೆಯಬೇಕು. ಮಂಜಿನಲ್ಲಿ ದಿಕ್ಕು ತೋರಿಸುವ ಬಿಳಿ ಬಣ್ಣದ ಕಲ್ಲುಗಳು ಅರವತ್ತನಾಲ್ಕು. ಹಳ್ಳ ದಾಟಲು ಇಟ್ಟ ಹಾಸುಗಲ್ಲುಗಳು ಎರಡು ಕಡೆ. ವರ್ಷಕ್ಕೆ ಬೀಳುವ ಮರಗಳು ಹದಿನೈದರಿಂದ ಇಪ್ಪತ್ತು. ಮೋಟಾರು ಗರಗಸಕ್ಕೆ ಈ ಕಾಡಿನಲ್ಲಿ ಅನುಮತಿ ಇಲ್ಲ, ಹಾಗಾಗಿ ಎಲ್ಲವೂ ಕೈಯಲ್ಲೇ. ಬೂಟು ವರ್ಷಕ್ಕೆ ಮೂರು ಜೊತೆ ಸವೆಯುತ್ತವೆ. "ಮಂಡಿ ಮಾತ್ರ ಹಳೇದೇ ನಡೀತಿದೆ," ಎಂದು ಎಡಗಾಲಿನ ಮೇಲೆ ತಟ್ಟಿಕೊಳ್ಳುತ್ತಾರೆ.

ಈ ಕೆಲಸ ಮೊದಲು ಅವರ ಮಾವನದಾಗಿತ್ತು. ಮದುವೆಯಾಗಿ ಬಂದ ಸೊಸೆ ಬುತ್ತಿ ಕೊಡಲು ಹೋಗಿ, ಬುತ್ತಿ ಬಿಚ್ಚುವವರೆಗೆ ಸುಮ್ಮನೆ ನಿಲ್ಲಲಾಗದೆ ಗುದ್ದಲಿ ಹಿಡಿದವರು. ಗುದ್ದಲಿ ಯಾರಿಗಾದರೂ ಬರುತ್ತದೆ. ಮಾವ ಕಲಿಸಿದ್ದು ಬೇರೆಯದು. ಮರ ಕೊಯ್ದ ಮೇಲೆ ತುಂಡನ್ನು ದಾರಿಯಿಂದ ಕಾಣದಷ್ಟು ಕೆಳಗೆ ಉರುಳಿಸಬೇಕು. ಹೊಟ್ಟನ್ನು ಗುಡಿಸಿ ಎಲೆಯಡಿಗೆ ತಳ್ಳಬೇಕು. ಕೊಯ್ದ ಮುಖ ಬೆಳ್ಳಗೆ ದೂರದಿಂದಲೇ ಕಣ್ಣಿಗೆ ಹೊಡೆಯುತ್ತದಲ್ಲ, ಅದಕ್ಕೆ ಹಳ್ಳದ ಕಪ್ಪು ಮಣ್ಣು ಬಳಿಯಬೇಕು. ಅದರ ಮೇಲೆ ಪಾಚಿಯ ಚೂರು ಒತ್ತಿಟ್ಟರೆ ತಿಂಗಳೊಪ್ಪತ್ತಿನಲ್ಲಿ ಹಸಿರು ಹಿಡಿಯುತ್ತದೆ. ಯಾರಾದರೂ ನಡೆದು ಬರುವ ಸದ್ದಾದರೆ ಗರಗಸವನ್ನು ಪೊದೆಯ ಹಿಂದಿಟ್ಟು, ತಾನೂ ತಿರುಗಾಡಲು ಬಂದವರ ಹಾಗೆ ಪಕ್ಕಕ್ಕೆ ಸರಿದು ನಿಲ್ಲಬೇಕು.

"ಜನ ಇಷ್ಟು ದೂರ ಬರೋದು ಯಾಕೆ ಹೇಳಿ? ಇಲ್ಲಿ ಯಾರೂ ಇಲ್ಲ ಅನ್ನೋ ಸುಖಕ್ಕೆ. ನನ್ನ ಗರಗಸದ ಗುರುತು ಕಂಡ್ರೆ ಆ ಸುಖ ಅರ್ಧ ಹೋಯ್ತು. ಅದಕ್ಕೆ ಮಾವ ಹೇಳ್ತಿದ್ರು, ಕೆಲಸ ಮಾಡಿದ್ದು ಗೊತ್ತಾದ್ರೆ ಕೆಲಸ ಕೆಟ್ಟ ಹಾಗೆ ಅಂತ."

ಅಡುಗೆಮನೆ ಒರೆಸಿಟ್ಟವರಿಗೆ, ಮಕ್ಕಳ ಬಟ್ಟೆ ಮಡಚಿಟ್ಟವರಿಗೆ ಈ ಮಾತು ಬಿಡಿಸಿ ಹೇಳಬೇಕಾಗಿಲ್ಲ. ಮಾಡಿದ ದಿನ ಯಾರ ಕಣ್ಣಿಗೂ ಬೀಳದ್ದು ಬಿಟ್ಟ ದಿನ ಎಲ್ಲರ ಕಣ್ಣಿಗೂ ಬೀಳುತ್ತದೆ. ದಾರಿಯಕ್ಕನ ತೊಂದರೆ ಏನೆಂದರೆ, ಹತ್ತೊಂಬತ್ತು ವರ್ಷದಲ್ಲಿ ಅವರು ಒಂದು ಕೆಲಸವನ್ನೂ ಹಾಗೇ ಬಿಟ್ಟಿರಲಿಲ್ಲ.

ಹೋದ ವರ್ಷ ಅರಣ್ಯ ಇಲಾಖೆಯಿಂದ ಪರಿಶೀಲನೆಗೆ ಬಂದ ಅಧಿಕಾರಿ ಕೆರೆಯವರೆಗೆ ನಡೆದು, ತಣ್ಣನೆಯ ನೀರಿನಲ್ಲಿ ಕಾಲು ಬಿಟ್ಟುಕೊಂಡು ಕೂತು, ಸಂತೋಷವಾಗಿ ವಾಪಸಾದರು. ಮೂರು ತಿಂಗಳ ನಂತರ ಕಚೇರಿಯಿಂದ ಒಂದು ಕಾಗದ ಬಂತು. ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಬಸ್ ನಿಲ್ದಾಣದ ಪಕ್ಕದಲ್ಲಿರುವ ತನ್ನ ಪಂಕ್ಚರ್ ಅಂಗಡಿಯ ಗೋಡೆಗೆ ನೇತುಹಾಕಿರುವವರು ದಾರಿಯಕ್ಕನ ಗಂಡ. ಊರಿನವರು ಯಾರು ಬಂದರೂ ಟಯರು ಬಿಚ್ಚುವುದನ್ನು ನಿಲ್ಲಿಸಿ, ಗಂಟಲು ಸರಿಮಾಡಿಕೊಂಡು ಓದಿ ಹೇಳುತ್ತಾರೆ: "'ಸದರಿ ಏಳು ಕಿಲೋಮೀಟರ್ ಹಾದಿಯು ಸ್ವಾಭಾವಿಕವಾಗಿಯೇ ಸುಸ್ಥಿತಿಯಲ್ಲಿದ್ದು, ಪ್ರತ್ಯೇಕ ಕೆಲಸಗಾರರ ಅಗತ್ಯ ಕಂಡುಬರುವುದಿಲ್ಲ.' ಕೇಳಿದ್ರಾ? ಸ್ವಾಭಾವಿಕವಾಗಿ! ನಮ್ಮ ಮನೆಯವಳ ಹೆಸರು ಇವತ್ತಿಂದ ಸ್ವಭಾವ ಅಂತ."

ನಗು ಅಲ್ಲಿಗೇ ನಿಲ್ಲುತ್ತದೆ. ಈ ವರ್ಷದ ಪರಿಶೀಲನೆಯಲ್ಲೂ ಅದೇ ಮಾತು ಬಂದರೆ ಕೆಲಸ ರದ್ದು. ದಾರಿಯಕ್ಕನನ್ನು ಕೆಳಗಿನ ವಾಹನ ನಿಲುಗಡೆಯ ಅಂಗಳ ಗುಡಿಸಲು ಹಾಕುತ್ತಾರಂತೆ. ನೋಡುವವರಿಲ್ಲದ ದಾರಿ ಎರಡು ಮಳೆಗಾಲದಲ್ಲಿ ಪೊದೆಯೊಳಗೆ ಮುಳುಗುತ್ತದೆ. ಆಮೇಲೆ ಕೆರೆ ಇರುತ್ತದೆ, ಹೋಗುವವರು ಇರುವುದಿಲ್ಲ.

ಒಂಬತ್ತು ದಿನದ ಹಿಂದೆ, ಮೂರನೇ ಕಿಲೋಮೀಟರಿನಲ್ಲಿ ಈ ಮರ ಬಿದ್ದಾಗ ಗಂಡನೇ ಉಪಾಯ ಹೇಳಿಕೊಟ್ಟರು.

"ಕೊಯ್ಬೇಡ್ವೇ. ಹಾಗೇ ಬಿಡು. ಸಾಹೇಬ್ರು ಮುಂದಿನ ವಾರ ಶನಿವಾರ ಬರ್ತಾರಲ್ಲ, ಹತ್ತಿ ಇಳೀಲಿ. ಪ್ಯಾಂಟು ಹರಿದ್ರೆ ಬುದ್ಧಿ ಬರುತ್ತೆ."

"ಅಷ್ಟು ದಿನ ದಾರೀಲಿ ಬಿದ್ದಿರ್ಲಾ? ಜನ ಏನಂದ್ಕೋತಾರೆ ರೀ?"

"ಏನೂ ಅಂದ್ಕೊಳ್ಳಲ್ಲ. ನೀನೊಬ್ಳು ಇದ್ದೀಯ ಅಂತ ಗೊತ್ತಿದ್ರೆ ತಾನೇ ಅಂದ್ಕೊಳ್ಳೋದು!"

ದಾರಿಯಕ್ಕ ಮೊದಲ ಬಾರಿಗೆ ಮರವನ್ನು ಬಿದ್ದಲ್ಲೇ ಬಿಟ್ಟರು. ಎಂಬತ್ತೊಂದು ವರ್ಷದ ಮಾವ ಪ್ರತಿ ಸಂಜೆ ಬಾಗಿಲಲ್ಲಿ ಕೂತು "ದಾರಿ ಹೇಗಿದೆಯಮ್ಮಾ?" ಎಂದು ಕೇಳುತ್ತಾರೆ. ಒಂಬತ್ತು ಸಂಜೆಯೂ ಸೊಸೆ "ಚೆನ್ನಾಗಿದೆ ಮಾವ" ಎಂದು ಸುಳ್ಳು ಹೇಳಿ ಒಳಗೆ ಹೋದರು.

"ಅನ್ನ ಇಳೀತಿರಲಿಲ್ಲ ನೋಡಿ. ಒಬ್ಬ ಹುಡುಗ ಮರ ದಾಟೋಕೆ ಹೋಗಿ ಮೊಣಕೈ ತರಚಿಕೊಂಡು, ಯಾವನಪ್ಪ ಇದನ್ನ ನೋಡ್ಕೊಳ್ಳೋನು ಅಂತ ಬೈದ. ನಾನು ಅಲ್ಲೇ ಮೇಲೆ ಕಾಲುವೆ ಬಿಡಿಸ್ತಿದ್ದೆ."

ನಿನ್ನೆ ಶುಕ್ರವಾರ ಸಂಜೆಯ ಬಸ್ಸಿನಿಂದ ಅಜ್ಜ ಅಜ್ಜಿ ಇಬ್ಬರು ಇಳಿದರು. ಪ್ರತಿ ವರ್ಷ ಕೆರೆಗೆ ಬರುವ ಜೋಡಿ, ಹೋದ ವರ್ಷ ಮಾತ್ರ ಬಂದಿರಲಿಲ್ಲ. ಅಜ್ಜಿಗೆ ಸೊಂಟದ ಆಪರೇಷನ್ ಆಗಿದೆ. ಪಂಕ್ಚರ್ ಅಂಗಡಿಯ ಬೆಂಚಿನ ಮೇಲೆ ಕೂತು ಅವರು ಹೇಳಿದ್ದಿಷ್ಟು: "ಡಾಕ್ಟ್ರು ನಿಧಾನಕ್ಕೆ ನಡೀರಿ, ಆದ್ರೆ ಏನನ್ನೂ ಹತ್ತಿ ದಾಟ್ಬೇಡಿ ಅಂದಿದಾರೆ. ಆ ದಾರಿ ನಮ್ಮ ಮನೆ ಅಂಗಳ ಇದ್ದ ಹಾಗೆ, ಹತ್ತೋಕೇನಿದೆ ಅಲ್ಲಿ ಅಂದೆ."

ಅಂಗಡಿಯ ಹಿಂದಿನ ಮನೆಯೊಳಗಿನಿಂದ ಅದನ್ನು ಕೇಳಿಸಿಕೊಂಡ ದಾರಿಯಕ್ಕ ಗರಗಸದ ಹಲ್ಲಿಗೆ ಅರ ಹಾಕತೊಡಗಿದರು. ಆ ಸದ್ದು ಕೇಳಿ ಗಂಡ ಹಣೆ ಚಚ್ಚಿಕೊಂಡರು. "ನಾಳೆ ಒಂದು ದಿನ ತಡ್ಕೊಳ್ಳೇ ಮಾರಾಯ್ತಿ! ಹನ್ನೊಂದು ಗಂಟೆಗೆ ಸಾಹೇಬ್ರು ಬರ್ತಾರೆ."

"ಅಜ್ಜಿ ಎಂಟು ಗಂಟೆಗೇ ಅಲ್ಲಿಗೆ ತಲುಪ್ತಾರೆ ರೀ."

ಹಾಗೆ ಇವತ್ತಿನ ಬೆಳಗಾಗಿದೆ. ಏಳೂಕಾಲಿಗೆ ಎರಡನೇ ಕೊಯ್ತ ಮುಗಿಯುತ್ತದೆ. ನಡುವಿನ ತುಂಡು ಬಿಡಿಸಿಕೊಂಡು ನಿಲ್ಲುತ್ತದೆ. ದಾರಿಯಕ್ಕ ನೆಲಕ್ಕೆ ಕೂತು, ಬೆನ್ನನ್ನು ದಿಬ್ಬಕ್ಕೆ ಆನಿಸಿ, ಎರಡೂ ಕಾಲಿನಿಂದ ಒದ್ದು ಅದನ್ನು ಇಳಿಜಾರಿಗೆ ಉರುಳಿಸುತ್ತಾರೆ. ಕೆಳಗೆಲ್ಲೋ ಜರಿಗಿಡಗಳ ನಡುವೆ ಅದು ಧೊಪ್ಪೆಂದು ಕೂತ ಸದ್ದಿಗೆ ಹಕ್ಕಿಗಳು ಒಮ್ಮೆ ಸುಮ್ಮನಾಗಿ, ಮತ್ತೆ ಶುರುಮಾಡುತ್ತವೆ. ಅವರು ಹೊಟ್ಟು ಗುಡಿಸುತ್ತಾರೆ. ಮಣ್ಣಿನ ಡಬ್ಬಿ ತೆರೆಯುತ್ತಾರೆ. ಎರಡು ಬೆರಳು ಅದ್ದಿ, ಕೊಯ್ದ ಮುಖದ ಹತ್ತಿರ ಒಯ್ದು, ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಳ್ಳುತ್ತಾರೆ.

"ಇವತ್ತು ಬೇಡ," ಎಂದು ಬೆರಳನ್ನು ಹುಲ್ಲಿಗೆ ಒರೆಸಿ ಡಬ್ಬಿ ಮುಚ್ಚುತ್ತಾರೆ. ಮುಖದಲ್ಲಿ, ಕೂದಲು ಬಾಚದೆ ನೆಂಟರೆದುರು ಬಂದು ನಿಂತವರ ಸಂಕೋಚ.

ಎಂಟಕ್ಕೆ ಹತ್ತು ನಿಮಿಷ ಇರುವಾಗ ಊರುಗೋಲಿನ ಸದ್ದು. ಗರಗಸ ಪೊದೆಯ ಹಿಂದೆ ಸೇರುತ್ತದೆ, ದಾರಿಯಕ್ಕ ಪಕ್ಕಕ್ಕೆ ಸರಿಯುತ್ತಾರೆ. ಅಜ್ಜಿ ಏದುಸಿರು ಬಿಡುತ್ತಾ ಬಂದು, ನೇರವಾಗಿ ಕೊಯ್ದ ಮರದ ತುದಿಯ ಮೇಲೆ ಕೂರುತ್ತಾರೆ.

"ನೋಡ್ರೀ, ಸರಿಯಾದ ಜಾಗಕ್ಕೆ ಸರಿಯಾದ ಎತ್ತರಕ್ಕೆ ಒಂದು ಪೀಠ. ಕಾಡಿಗೂ ನನ್ನ ಸೊಂಟದ ವಿಷಯ ಗೊತ್ತಾಗಿದೆ."

"ನಿನ್ನ ಸೊಂಟದ ವಿಷಯ ಯಾರಿಗೆ ಗೊತ್ತಿಲ್ಲ? ಬಸ್ಸಲ್ಲಿ ಡ್ರೈವರ್‌ಗೂ ಹೇಳಿದ್ದಾಯ್ತಲ್ಲ," ಎನ್ನುತ್ತಾರೆ ಅಜ್ಜ. ಆಮೇಲೆ ದಾರಿಯಕ್ಕನ ಕಡೆ ತಿರುಗಿ, "ಈ ವರ್ಷ ಒಂದೂ ಮರ ಅಡ್ಡ ಬಿದ್ದಿಲ್ಲ ತಾಯಿ. ನಮ್ಮ ಪುಣ್ಯ."

"ಹೌದಜ್ಜ. ಒಳ್ಳೆ ವರ್ಷ," ಎನ್ನುತ್ತಾರೆ ದಾರಿಯಕ್ಕ.

ಅಜ್ಜಿ ಎದ್ದಾಗ ಕೋಟಿನ ಹಿಂಭಾಗಕ್ಕೆ ಮರದ ಅಂಟು ಹತ್ತಿಕೊಂಡಿದೆ. ಅದನ್ನು ತಿಳಿಯದೆ ಇಬ್ಬರೂ ಮೇಲಕ್ಕೆ ಹೋಗುತ್ತಾರೆ.

ಹನ್ನೊಂದಕ್ಕೆ ಹೋದ ವರ್ಷದ ಅಧಿಕಾರಿಯೇ ಬರುತ್ತಾರೆ. ಮೂವತ್ತೈದರ ಆಸುಪಾಸಿನವರು, ಮಾತಿನಲ್ಲಿ ಮೆದು, ಹೊಸ ಬೂಟು. ಏರು ಹತ್ತಿ ಸುಸ್ತಾಗಿ, ಆಸರೆಗೆ ಕೈ ಊರಿದ್ದು ಅದೇ ಮರದ ತುದಿಗೆ. ಅಂಗೈ ಅಂಟಿಕೊಳ್ಳುತ್ತದೆ.

"ಏನಿದು?"

"ಹಸಿ ಮರ ಸಾರ್. ಒಂಬತ್ತು ದಿನದ ಹಿಂದೆ ಬಿದ್ದಿದ್ದು."

"ಕೊಯ್ದಿದ್ದು ಯಾರು?"

"ನಾನೇ. ಬೆಳಿಗ್ಗೆ."

ಅಧಿಕಾರಿ ಒಮ್ಮೆ ಮರದ ದಪ್ಪ ನೋಡುತ್ತಾರೆ, ಒಮ್ಮೆ ಅವರ ತೋಳು ನೋಡುತ್ತಾರೆ. "ಹೋದ ವರ್ಷ ಬಂದಾಗ ಇಂಥದ್ದು ಒಂದೂ ನೋಡಿರಲಿಲ್ಲವಲ್ಲ."

"ಹೋದ ವರ್ಷ ಹದಿನೇಳು ಇದ್ದವು ಸಾರ್."

"ಎಲ್ಲಿ?"

ದಾರಿಯಕ್ಕ ನಾಲ್ಕು ಹೆಜ್ಜೆ ಮುಂದೆ ನಡೆದು ಪಾಚಿ ಹಿಡಿದ ಬೊಡ್ಡೆಯೊಂದರ ಮುಂದೆ ಬಗ್ಗುತ್ತಾರೆ. ಉಗುರಿನಿಂದ ಪಾಚಿ ಸರಿಸಿ ಕೆರೆದರೆ ಒಣಮಣ್ಣು ಉದುರಿ, ಒಳಗಿನಿಂದ ಗರಗಸದ ನೇರ ಗೆರೆಗಳು ಕಾಣುತ್ತವೆ. ಅಧಿಕಾರಿ ಕುಕ್ಕರಗಾಲಲ್ಲಿ ಕೂತು ಅದನ್ನು ಮುಟ್ಟಿ ನೋಡುತ್ತಾರೆ. ಅಲ್ಲಿಂದ ಮುಂದೆ ಅವರ ಪರಿಶೀಲನೆ ಕಣ್ಣಾಮುಚ್ಚಾಲೆಯಾಗುತ್ತದೆ.

"ಇದೂನಾ?"

"ಹೌದು ಸಾರ್."

"ಇದು?"

"ಅಲ್ಲ ಸಾರ್, ಅದು ಗಾಳಿಗೆ ತಾನೇ ಮುರಿದದ್ದು."

"ಇದು ಖಂಡಿತ ನಿಮ್ಮದೇ."

"ಅದು ಕಲ್ಲು ಸಾರ್."

ಆರನ್ನು ತಾವೇ ಹುಡುಕುತ್ತಾರೆ, ಹನ್ನೊಂದನ್ನು ದಾರಿಯಕ್ಕ ತೋರಿಸಬೇಕಾಗುತ್ತದೆ. ಕೊನೆಗೆ ಕೆರೆಯ ದಂಡೆಯಲ್ಲಿ ಕೂತು ಕಡತ ತೆರೆದು, ಬರೆಯುವ ಮೊದಲು ಕೇಳುತ್ತಾರೆ: "ಹೋದ ವರ್ಷವೇ ಯಾಕೆ ಹೇಳಲಿಲ್ಲ ನೀವು?"

ದಾರಿಯಕ್ಕ ನೀರಿನ ಕಡೆ ನೋಡುತ್ತಾ ಹೇಳುತ್ತಾರೆ: "ನೀವು ಇಲ್ಲೇ, ಇದೇ ಕಲ್ಲಿನ ಮೇಲೆ ಕೂತಿದ್ರಿ ಸಾರ್. ಎಂಥ ಜಾಗ, ಮನುಷ್ಯರ ಕೈ ಸೋಕಿಲ್ಲ ಅಂದ್ರಿ. ನನಗೆ ಎಷ್ಟು ಖುಷಿಯಾಯ್ತು ಅಂದ್ರೆ, ಬಾಯಿ ಬಿಡೋಕೆ ಮನಸ್ಸು ಬರಲಿಲ್ಲ."

ಅಧಿಕಾರಿ ಹಳೆಯ ವರದಿಯ ಆ ಸಾಲನ್ನು ಹೊಡೆದುಹಾಕಿ ಹೊಸದಾಗಿ ಬರೆಯುತ್ತಾರೆ. "ಮುಂದಿನ ಮೂರು ವರ್ಷಕ್ಕೆ ಈ ಕೆಲಸ ಉಳಿಸಬೇಕು ಅಂತ ಬರೆದಿದ್ದೀನಿ. ಇಲ್ಲಿ ನನ್ನ ಸಹಿಯೇ ಕೊನೆ. ಅದರಾಚೆಗೆ ಬರೋರಿಗೆ ನೀವೇ ತೋರಿಸ್ಬೇಕು."

"ಆಯ್ತು ಸಾರ್," ಎನ್ನುತ್ತಾರೆ ದಾರಿಯಕ್ಕ, ಅಷ್ಟೊಂದು ಉತ್ಸಾಹವಿಲ್ಲದೆ. ಕೆಲಸ ಉಳಿದದ್ದಕ್ಕೆ ನೆಮ್ಮದಿ ಇದೆ. ತೋರಿಸಬೇಕೆನ್ನುವುದೇ ಕಷ್ಟ.

ಅವರಿಗೂ ರಜೆಯ ದಿನವೊಂದಿದೆ, ತಿಂಗಳಿಗೊಮ್ಮೆ. ಆಗಲೂ ಕಾಡಿಗೇ ಬರುತ್ತಾರೆ, ಆದರೆ ಕೆರೆಯ ಆಚೆ ದಡಕ್ಕೆ. "ಈಚೆ ಎಲ್ಲಿ ನೋಡಿದ್ರೂ ನನಗೆ ಕೆಲಸವೇ ಕಾಣುತ್ತೆ. ಅಲ್ಲಿ ದಾರಿಯೇ ಇಲ್ಲ. ದಾರಿ ಇಲ್ಲ ಅಂದ್ಮೇಲೆ ಕೆಲಸವೂ ಇಲ್ಲ. ಸುಮ್ಮನೆ ಕೂತು ಗಾಳಿ ಕೇಳ್ತೀನಿ. ಜನಕ್ಕೆ ಇಲ್ಲಿ ಏನು ಸಿಗುತ್ತೆ ಅಂತ ಅಲ್ಲಿ ಕೂತಾಗ ಗೊತ್ತಾಗುತ್ತೆ."

ಮಧ್ಯಾಹ್ನ ಮೂರರ ಹೊತ್ತಿಗೆ ಇಳಿಯುವ ದಾರಿ. ಅಧಿಕಾರಿ ಮುಂದೆ ಹೋಗಿದ್ದಾರೆ. ಅಜ್ಜ ಅಜ್ಜಿ ಇನ್ನೂ ಕೆರೆಯ ಬಳಿ ಇದ್ದಾರೆ, ಇಳಿದು ಬರಲು ಎರಡು ತಾಸಾದರೂ ಬೇಕು. ಮೂರನೇ ಕಿಲೋಮೀಟರಿಗೆ ಬಂದದ್ದೇ ದಾರಿಯಕ್ಕ ನಿಲ್ಲುತ್ತಾರೆ. ಡಬ್ಬಿ ತೆರೆದು, ಎರಡೂ ಕೊಯ್ದ ಮುಖಗಳಿಗೆ ನಿಧಾನವಾಗಿ, ಅಂಚು ಬಿಡದೆ ಮಣ್ಣು ಬಳಿಯುತ್ತಾರೆ. ಪಾಚಿಯ ಚೂರುಗಳನ್ನು ಹೆಬ್ಬೆರಳಿನಿಂದ ಒತ್ತಿ ಕೂರಿಸುತ್ತಾರೆ. ಬಾಗಿದ ಜರಿಗಿಡವೊಂದನ್ನು ಎತ್ತಿ ಮುಂದಕ್ಕೆ ಒರಗಿಸುತ್ತಾರೆ. ನಾಲ್ಕು ಹೆಜ್ಜೆ ಹಿಂದೆ ಹೋಗಿ, ನಡೆದು ಬರುವವರ ಕಣ್ಣಿನಿಂದ ಒಮ್ಮೆ ನೋಡುತ್ತಾರೆ.

ಬೆಳಿಗ್ಗೆಯಿಂದ ಇದ್ದ ಸಂಕೋಚ ಈಗ ಮುಖದಲ್ಲಿಲ್ಲ.

"ಸಂಜೆ ಮಾವ ಕೇಳಿದ್ರೆ ನಿಜವೇ ಹೇಳ್ಬಹುದು," ಎಂದು ಗರಗಸವನ್ನು ಹೆಗಲಿಗೇರಿಸುತ್ತಾರೆ. ಎರಡು ಹೆಜ್ಜೆ ಇಟ್ಟು ತಿರುಗಿ ನಗುತ್ತಾರೆ. "ಅಜ್ಜಿ ಬಂದು ಹುಡುಕ್ಲಿ, ತಾನು ಕೂತ ಪೀಠ ಎಲ್ಲಿ ಹೋಯ್ತು ಅಂತ."