ಹನ್ನೊಂದನೆಯ ಹೆಸರು

ಫೈನಾನ್ಸ್ ಪದವಿ ಮುಗಿಸಿದ ಮಕ್ಕಳಲ್ಲಿ ಬಹಳ ಮಂದಿಗೆ ಮೊದಲು ಸಿಗುವುದು ಹಣ ನೋಡಿಕೊಳ್ಳುವ ಕೆಲಸವಲ್ಲ, ಗುರುತಿನವರ ಹಣ ಕಿತ್ತು ತರುವ ಕೆಲಸ. ಇದೇನೂ ಗುಟ್ಟಲ್ಲ. ಫೀಸು ಕಟ್ಟುವ ಅಪ್ಪಂದಿರಿಗೂ ಗೊತ್ತು, ಕಟ್ಟಿಸಿಕೊಳ್ಳುವ ಕಾಲೇಜಿಗೂ ಗೊತ್ತು. ಸಮೀಕ್ಷಾಳ ಅಪ್ಪ ಗಿರಿಧರನಿಗಂತೂ ಚೆನ್ನಾಗಿಯೇ ಗೊತ್ತಿತ್ತು. ಆತ ಬ್ಯಾಂಕಿನವನು.

ಧಾರವಾಡದ ಗಿರಿಧರ ಕ್ಲಾರ್ಕ್ ಆಗಿ ಸೂರತ್ತಿಗೆ ವರ್ಗವಾಗಿ ಬಂದು, ಆಮೇಲೆ ವಡೋದರಾಕ್ಕೆ ಸರಿದು, ಅಲ್ಲೇ ಎರಡು ಕೋಣೆಯ ಫ್ಲ್ಯಾಟು ಕೊಂಡವನು. ಒಬ್ಬಳೇ ಮಗಳು. ಮನೆಯಲ್ಲಿ ಅರೆಬರೆ ಕನ್ನಡ, ಬೀದಿಯಲ್ಲಿ ಗುಜರಾತಿ, ಸಿಟ್ಟು ಬಂದರೆ ಹಿಂದಿ. ಲೆಕ್ಕದಲ್ಲಿ ಮಾತ್ರ ಹುಡುಗಿ ಬೆಂಕಿ. ಅವಳನ್ನು ಸೇರಿಸಿದ ಕಾಲೇಜಿನ ಗೋಡೆಯ ಮೇಲೆ ಒಂದು ದೊಡ್ಡ ಚಿತ್ರವಿತ್ತು: ಮೆಟ್ಟಿಲುಗಳು, ಒಂದೊಂದು ಮೆಟ್ಟಿಲಿಗೆ ಒಂದೊಂದು ಹುದ್ದೆ. ಅನಲಿಸ್ಟ್, ಫಂಡ್ ಮ್ಯಾನೇಜರ್, ಇನ್ವೆಸ್ಟ್‌ಮೆಂಟ್ ಬ್ಯಾಂಕರ್. ತುತ್ತತುದಿಯಲ್ಲಿ ಕೋಟು ಹಾಕಿಕೊಂಡು ಹಲ್ಲು ಬಿಡುತ್ತಿದ್ದ ಒಬ್ಬ ಹುಡುಗ. ಕೆಳಗಿನ ಮೊದಲ ಮೆಟ್ಟಿಲಿನ ಮೇಲೆ ಏನೂ ಬರೆದಿರಲಿಲ್ಲ. ಗಿರಿಧರ ಅದನ್ನು ನೋಡಿದ್ದ, ಕೇಳಿರಲಿಲ್ಲ.

ಮೂರನೆಯ ವರ್ಷದ ಒಂದು ಪರೀಕ್ಷೆಯಲ್ಲಿ ಹೀಗೊಂದು ಪ್ರಶ್ನೆ ಬಂತು: ಹತ್ತು ವರ್ಷ ಕಂತು ಕಟ್ಟಬೇಕಾದ ವಿಮಾ ಪಾಲಿಸಿ, ನಡುವೆ ಬಿಟ್ಟರೆ ಕೈಗೆ ಎಷ್ಟು ಬಂದೀತು, ಲೆಕ್ಕ ಹಾಕಿ. ಸಮೀಕ್ಷಾ ದಶಾಂಶದವರೆಗೂ ಹಾಕಿದಳು. ಕೊನೆಗೆ, ಯಾರೂ ಕೇಳದಿದ್ದರೂ, ತನ್ನದೊಂದು ವಾಕ್ಯ ಸೇರಿಸಿದಳು: ತಿಳಿದವರು ಇದನ್ನು ಕೊಳ್ಳುವುದಿಲ್ಲ, ತಿಳಿಯದವರಿಗೆ ಇದನ್ನು ಮಾರಬಾರದು. ಮೇಷ್ಟರು ಆ ವಾಕ್ಯದ ಪಕ್ಕ ಎರಡು ಸಲ ಸರಿ ಗುರುತು ಹಾಕಿದರು. ನೂರಕ್ಕೆ ತೊಂಬತ್ತನಾಲ್ಕು.

ಪದವಿಯೇನೋ ಮುಗಿಯಿತು. ಅಪ್ಪನ ಗದ್ದಿಗೆ ಇದ್ದ ಹುಡುಗರು ನೂಲಿನ ಅಂಗಡಿಗೋ ವಜ್ರದ ಆಫೀಸಿಗೋ ಹೋಗಿ ಕೂತರು. ಅವರಿಗೆ ಪದವಿ ಬೇಕಾದದ್ದು ಲಗ್ನಪತ್ರಿಕೆಯಲ್ಲಿ ಹೆಸರಿನ ಕೆಳಗೆ ಹಾಕಿಸಲು. ಗೆಳತಿ ಅರ್ಚಿತಾ ಸಿ.ಎ. ಮಾಡುತ್ತೇನೆಂದು ಒಬ್ಬ ಆಡಿಟರನ ಬಳಿ ಬಿಡಿಗಾಸಿಗೆ ಸೇರಿಕೊಂಡಳು. ಇನ್ನು ಕೆಲವರು ಸಾಲ ಎತ್ತಿ ಎಂ.ಬಿ.ಎ.ಗೆ ಓಡಿದರು. ಗದ್ದಿಗೆಯೂ ಇಲ್ಲದ, ತಾಳ್ಮೆಯೂ ಇಲ್ಲದ, ಸಾಲಕ್ಕೂ ಹೆದರುವ ಮನೆಯ ಮಕ್ಕಳು ಕೆಲಸ ಕೊಡುವ ಕಂಪನಿಗಳು ಬಂದ ದಿನ ಕಾಲೇಜಿನ ಸಭಾಂಗಣದಲ್ಲಿ ಸಾಲಾಗಿ ನಿಂತರು. ಸಮೀಕ್ಷಾಳಿಗೆ ಅಹಮದಾಬಾದಿನಲ್ಲಿ ಕೆಲಸ ಸಿಕ್ಕಿತು. ಹುದ್ದೆ: ವೆಲ್ತ್ ಆಫೀಸರ್. ತಾಯಿ ಇಂದುಮತಿ ಅಕ್ಕಪಕ್ಕದ ಮನೆಗೆಲ್ಲ ಪೇಡೆ ಹಂಚಿದಳು.

ಆಫೀಸಿನ ಮೊದಲ ದಿನ ಅವಳಿಗೆ ಕಂಪ್ಯೂಟರ್ ಕೊಡಲಿಲ್ಲ, ಒಂದು ಹಾಳೆ ಕೊಟ್ಟರು. ಒಂದರಿಂದ ನೂರರವರೆಗೆ ಸಾಲು. ಗೊತ್ತಿರುವ ನೂರು ಜನರ ಹೆಸರು ಬರೆದು ತರಬೇಕು, ಅವರಿಗೆ ಹತ್ತು ವರ್ಷದ ವಿಮಾ ಪಾಲಿಸಿ ಮಾರಬೇಕು.

"ಗುರುತಿಲ್ಲದವರು ಪ್ರಶ್ನೆ ಕೇಳ್ತಾರೆ," ಎಂದ ಮೇಲಧಿಕಾರಿ ಧ್ರುವಿಲ್‌ಭಾಯ್, ಚ್ಯೂಯಿಂಗ್ ಗಮ್ ಅಗಿಯುತ್ತ. "ಗುರುತಿನವರು ಚಹಾ ಕೊಡ್ತಾರೆ. ನೀನು ಎಲ್ಲಿಂದ ಶುರು ಮಾಡ್ತೀಯ, ನೀನೇ ಹೇಳು." ಮೂರು ತಿಂಗಳಲ್ಲಿ ಗುರಿ ಮುಟ್ಟಿದರೆ ಕೆಲಸ ಕಾಯಂ. ಮುಟ್ಟದಿದ್ದರೆ ಬಾಗಿಲು ಅಲ್ಲೇ ಇದೆ.

ಶನಿವಾರ ಅವಳು ವಡೋದರಾಕ್ಕೆ ಬಂದು, ಕನ್ನಡ ಸಂಘದ ವಿಳಾಸ ಪುಸ್ತಕ ಮುಂದಿಟ್ಟುಕೊಂಡು ಅರವತ್ತು ಹೆಸರು ಬರೆದಳು. ಗಿರಿಧರ ಕನ್ನಡಕ ಏರಿಸಿ ಕೆಂಪು ಪೆನ್ನು ತೆಗೆದ.

"ನಮ್ಮ ಮ್ಯಾನೇಜರ್ ಶೇಷಾದ್ರಿ ಸಾಹೇಬರ ಹೆಸರ ಯಾಕ ಬರದೀ? ತಗಿ."

"ಅವರ ಹತ್ರ ಪೈಸಾ ಇದೆ ಪಪ್ಪಾ."

"ಪೈಸಾ ಇದ್ದಾವ ಓದ್ತಾನ, ಹುಚ್ಚಿ. ಓದಿದ ಅಂದರ ಮುಗೀತು."

ಕೊಯಾಲಿ ರಿಫೈನರಿಯ ಕಾಲೊನಿಯಲ್ಲಿದ್ದ ಕನ್ನಡದ ಇಂಜಿನಿಯರುಗಳೆಲ್ಲ ಒಂದೇ ಗೀಟಿಗೆ ಹೋದರು. ಹುಬ್ಬಳ್ಳಿಯ ಕಾಕಾ ಹೋದ. "ಅಂವ ನಾಳೆ ಮಂದಿ ಮುಂದ ನನ್ನ ಮರ್ಯಾದಿ ಕಳೀತಾನ." ಮೆಂತೆ ಸೋಸುತ್ತಿದ್ದ ಇಂದುಮತಿ ತಲೆ ಎತ್ತಿದಳು.

"ಅಷ್ಟು ಛಲೋ ಪಾಲಿಸಿ ಇದ್ದರ ಮೊದಲ ನೀವ ಒಂದು ತಗೋರಲಾ."

ಗಿರಿಧರ ನಕ್ಕುಬಿಟ್ಟ. "ಇದನ್ನ ನಾನೂ ಕೌಂಟರಿನಾಗ ಕುಂತು ಮಾರೇನಿ. ಮಾರಿದಾವ ತಗೋತಾನೇನು?"

ಐವತ್ತು ಹೆಸರು ಹೋದವು. ಉಳಿದ ಹತ್ತರಲ್ಲಿ ಮನೆಗೆಲಸದವಳಿದ್ದಳು, ಬ್ಯಾಂಕಿನ ಕಾವಲುಗಾರನಿದ್ದ, ಗಂಡ ಸತ್ತು ಪಿಂಚಣಿ ಪಡೆಯುತ್ತಿದ್ದ ಇಬ್ಬರಿದ್ದರು. ಪ್ರಶ್ನೆ ಕೇಳುವವರನ್ನೆಲ್ಲ ತೆಗೆದರೆ ಉಳಿಯುವವರು ಯಾರು ಎಂದು ತಿಳಿಯಲು ಯಾವ ಪದವಿಯೂ ಬೇಡ. ಆಮೇಲೆ ಗಿರಿಧರ ಸ್ವಲ್ಪ ಹೊತ್ತು ಪೆನ್ನಿನ ತುದಿ ಕಚ್ಚಿ, ಹನ್ನೊಂದನೆಯ ಸಾಲಿನಲ್ಲಿ ತಾನೇ ಒಂದು ಹೆಸರು ಬರೆದ. ಸದಾಶಿವ, ಪಾಂಡೇಸರಾ, ಸೂರತ್.

"ಅಂವ ಏನೂ ಕೇಳಂಗಿಲ್ಲ," ಎಂದ.

ಕೇಳುವುದೆಲ್ಲಿಂದ ಬಂತು? ಕುಂದಾಪುರದ ಕಡೆಯ ಸದಾಶಿವ ಸೂರತ್ ಸ್ಟೇಶನ್ನಿನ ಹತ್ತಿರದ ಉಡುಪಿ ಹೋಟೆಲಿನಲ್ಲಿ ಮೂವತ್ತೊಂದು ವರ್ಷ ಅಡುಗೆ ಮಾಡಿದವನು. ಒಂಟಿಯಾಗಿ ಬಂದ ಗಿರಿಧರನಿಗೆ ತಿಂಗಳುಗಟ್ಟಲೆ ಅನ್ನ ಹಾಕಿದವನು. ಇಂದುಮತಿ ಟೈಫಾಯ್ಡ್ ಹಿಡಿದು ಮಲಗಿದಾಗ ಎಂಟು ತಿಂಗಳ ಸಮೀಕ್ಷಾಳನ್ನು ಎತ್ತಿಕೊಂಡು ಹೋಗಿ ಎರಡು ತಿಂಗಳು ಸಾಕಿದ್ದು ಅವನ ಹೆಂಡತಿ ಯಶೋದಾ. ಅವರಿಗೆ ಮಕ್ಕಳಿಲ್ಲ. ಹೋದ ವರ್ಷ ಧಣಿ ಕಟ್ಟಡ ಮಾರಿ, ಸದಾಶಿವನ ಕೈಗೆ ಮೂರು ಲಕ್ಷ ಇಟ್ಟು, ಕೈಮುಗಿದು ಊರಿಗೆ ಹೋಗಿದ್ದರು.

ಸೆಪ್ಟೆಂಬರಿನಲ್ಲಿ ಸಮೀಕ್ಷಾ ಸೂರತ್ತಿಗೆ ಹೋದಳು. ಬಣ್ಣದ ಮಿಲ್ಲುಗಳ ವಾಸನೆಯ ನಡುವೆ ಒಂದು ಕೋಣೆ. ಯಶೋದಾ ಆಗಲೇ ನೀರುದೋಸೆಗೆ ಕಾವಲಿ ಇಟ್ಟಿದ್ದಳು.

"ಎಂತ ಮಗಾ, ಇಷ್ಟು ಬಡಕಲಾಗಿದ್ದಿ! ಅಹಮದಾಬಾದಲ್ಲಿ ಊಟ ಕೊಡುದಿಲ್ವಾ?" ಎಂದ ಸದಾಶಿವ. "ಕೆಲಸ ಎಂತದ್ದು?"

"ವೆಲ್ತ್ ಆಫೀಸರ್, ಮಾಮಾ."

"ಹಾಗಂದ್ರೆ?"

"ಬ್ಯಾಂಕಿನದ್ದೇ ಅಲ್ದಾ, ಅಪ್ಪನ ಹಾಗೆ," ಎಂದಳು ಯಶೋದಾ, ದೋಸೆ ತೆಗೆಯುತ್ತ.

ಸಮೀಕ್ಷಾ ತಿದ್ದಲಿಲ್ಲ. ಚಟ್ನಿ ಹಾಕಿಸಿಕೊಂಡಳು.

ಮೂರು ಲಕ್ಷ ಎಲ್ಲಿಗೆಂದು ಸದಾಶಿವ ತಾನೇ ಹೇಳಿದ. ಮಿಲ್ಲಿನ ಗೇಟಿನ ಎದುರು ಒಂದು ಸಣ್ಣ ಮಳಿಗೆ ಮಾತಾಡಿದ್ದಾನೆ. ಇಡ್ಲಿ, ವಡೆ, ಚಹಾ. ಜೀವಮಾನದಲ್ಲಿ ಮೊದಲ ಸಲ ತನ್ನದೇ ಒಲೆ. ದೀಪಾವಳಿ ಕಳೆದು ಐದನೆಯ ದಿನ, ಊರಿನ ಅಂಗಡಿಗಳೆಲ್ಲ ಹೊಸ ವರ್ಷದ ವ್ಯಾಪಾರ ಶುರು ಮಾಡುವ ಲಾಭಪಂಚಮಿಯಂದು ಮಳಿಗೆಯ ಮಾಲೀಕ ಸೇಠ್‌ಗೆ ಡಿಪಾಸಿಟ್ ಕೊಡಬೇಕು, ಬೀಗದ ಕೈ ತಗೊಳ್ಳಬೇಕು.

"ಅಲ್ಲಿವರೆಗೆ ದುಡ್ಡು ಸುಮ್ನೆ ಬಿದ್ದಿರ್ತದೆ ಮಾಮಾ," ಎಂದಳು ಸಮೀಕ್ಷಾ. ಚೀಲದಿಂದ ಫಾರಂ ಹೊರಗೆ ಬಂತು.

"ಇದ್ರಿಂದ ನಿನ್ನ ಕೆಲಸ ಗಟ್ಟಿಯಾಗ್ತದಾ?"

"ಪಕ್ಕಾ ಆಗ್ತದೆ."

"ಲಾಭಪಂಚಮಿಗೆ ವಾಪಸ್ ಸಿಕ್ತದಲ್ಲ?"

ಪರೀಕ್ಷೆಯ ಹಾಳೆಯಲ್ಲಿ ದಶಾಂಶದವರೆಗೂ ಲೆಕ್ಕ ಹಾಕಿದ ಹುಡುಗಿ ಯಶೋದಾ ಬಡಿಸಿದ ತಟ್ಟೆ ನೋಡುತ್ತ ಹೇಳಿದಳು: "ಸಿಕ್ತದೆ ಮಾಮಾ. ಪೂರಾ."

ಸಹಿ ಹಾಕುವ ಮುಂಚೆ ಸದಾಶಿವ ಕೈ ತೊಳೆದುಕೊಂಡು ಬಂದ.

ಇಂಥ ವ್ಯಾಪಾರದಲ್ಲಿ ಕಂಪನಿಯಿಂದ ಒಂದು ಫೋನ್ ಬರುತ್ತದೆ, ಕೊಳ್ಳುವವನಿಗೆ ಎಲ್ಲ ತಿಳಿದಿದೆಯೇ ಎಂದು ಕೇಳಲು. ಅದೂ ಬಂತು, ಕನ್ನಡದಲ್ಲೇ. ಸಮೀಕ್ಷಾ ಪಕ್ಕದಲ್ಲಿ ಕೂತು, ಎಲ್ಲಕ್ಕೂ ಹೌದು ಅನ್ನಿ ಎಂದು ಹೇಳಿಕೊಟ್ಟಿದ್ದಳು. ಆ ಕಡೆಯ ಹುಡುಗಿ ಒಂದೇ ಉಸಿರಿಗೆ ಓದಿದಳು: ಹತ್ತು ವರ್ಷ, ವರ್ಷಕ್ಕೆ ಮೂರು ಲಕ್ಷ, ತಮಗೆ ಅರ್ಥವಾಗಿದೆಯೇ. "ಹೌದು, ಹೌದು," ಎಂದ ಸದಾಶಿವ, ಮುಖ ಅರಳಿಸಿ. "ನಿಮ್ಗೆ ಯಾವೂರಾಯ್ತು ಮಗಾ? ಈ ಊರಲ್ಲಿ ಫೋನಿನಲ್ಲಿ ಕನ್ನಡ ಕೇಳಿ ವರ್ಷವೇ ಆಯ್ತು ಮಾರಾಯ್ತಿ." ಅಷ್ಟೂ ಧ್ವನಿಮುದ್ರಣವಾಯಿತು.

ಇನ್ನೊಂದು ನಿಯಮವಿದೆ. ಪಾಲಿಸಿ ಕಾಗದ ಕೈಗೆ ಬಂದ ಮೂವತ್ತು ದಿನದೊಳಗೆ ಬೇಡ ಎಂದರೆ ಹಣ ಸ್ವಲ್ಪ ಕಡಿತವಾಗಿ ಹಿಂದಕ್ಕೆ ಬರುತ್ತದೆ. ಅದಕ್ಕೇ ಧ್ರುವಿಲ್‌ಭಾಯ್‌ಗೆ ಹಬ್ಬದ ಕಾಲ ಎಂದರೆ ಪ್ರೀತಿ. ಗುಜರಾತಿನ ಮನೆಗಳಲ್ಲಿ ಲೆಕ್ಕದ ಪುಸ್ತಕ, ಹಣದ ಕಾಗದ ಎಲ್ಲ ದೀಪಾವಳಿ ಪೂಜೆಗೆ ದೇವರ ಮುಂದೆ ಕೂರುತ್ತವೆ. ಮತ್ತೆ ಬಿಚ್ಚುವುದು ಲಾಭಪಂಚಮಿಗೆ. ನವರಾತ್ರಿಗೆ ಕವರ್ ತಲುಪಿದರೆ, ಬಿಚ್ಚುವ ಹೊತ್ತಿಗೆ ಮೂವತ್ತು ದಿನ ತಾನಾಗಿ ದಾಟಿರುತ್ತದೆ.

"ಒಂದು ಫೋನ್ ಮಾಡು. ದೇವರ ಮುಂದೆ ಇಡಿಸು," ಎಂದ ಸಮೀಕ್ಷಾಳಿಗೆ.

ನವರಾತ್ರಿಯ ಎರಡನೆಯ ದಿನ ಕವರ್ ತಲುಪಿತು. ಸಮೀಕ್ಷಾ ಫೋನ್ ಮಾಡಿದಳು. "ಮಾಮಾ, ಬಿಚ್ಚಬೇಡಿ. ಪೂಜೆಗೆ ಇಡಿ. ಲಾಭಪಂಚಮಿಗೆ ತೆಗೆದರೆ ಒಳ್ಳೇದು."

"ನಾನೂ ಅದೇ ಅಂದುಕೊಂಡಿದ್ದೆ ಮಗಾ. ಕುಂಕುಮ ಹಚ್ಚಿ ಇಟ್ಟಾಯ್ತು."

ಕವರ್ ತಲುಪಿದ ಇಪ್ಪತ್ತಾರನೆಯ ದಿನ ಅವಳು ಹಬ್ಬಕ್ಕೆ ಮನೆಗೆ ಬಂದಿದ್ದಳು. ಕಾಲೆಂಡರಿನ ಮುಂದೆ ನಿಂತವಳು ತಿರುಗಿ, "ಪಪ್ಪಾ, ವಾಪಸ್ ಮಾಡಿಸಲಾ? ಇನ್ನೂ ನಾಲ್ಕು ದಿನ ಇದೆ," ಎಂದಳು.

"ಕಾಯಂ ಆದ ಪತ್ರ ಬಂತೇನು?"

"ನವೆಂಬರಿಗೆ."

"ಹಂಗಾರ ಸುಮ್ಮ ಇರು. ದುಡ್ಡೇನು ಸತ್ತಿಲ್ಲ, ಹತ್ತು ವರ್ಷಕ್ಕ ಬರತದ."

"ಪ್ರತಿ ವರ್ಷ ಮೂರು ಲಕ್ಷ ಕಟ್ಟಿದರೆ ಬರ್ತದೆ ಪಪ್ಪಾ."

ಗಿರಿಧರ ಚಕ್ಕುಲಿ ಮುರಿದ. "ಗರಿಗರಿ ಆಗ್ಯಾವು ನೋಡು," ಎಂದು ಅವಳ ತಟ್ಟೆಗೂ ಎರಡು ಹಾಕಿದ. ಸಮೀಕ್ಷಾ ತಿಂದಳು.

ಲಾಭಪಂಚಮಿ ಮೂವತ್ತಮೂರನೆಯ ದಿನ ಬಂತು. ಸದಾಶಿವ ಹೊಸ ಸೌಟು, ತೆಂಗಿನಕಾಯಿ, ಕುಂಕುಮ ಹಚ್ಚಿದ ಕವರ್ ಹಿಡಿದು, ಒಳಗಿರುವುದು ದುಡ್ಡು ವಾಪಸ್ ಕೊಡುವ ರಸೀದಿಯೆಂದೇ ನಂಬಿ, ಮಳಿಗೆಯ ಮುಂದೆ ನಿಂತ. ಕವರ್ ಬಿಚ್ಚಿದ್ದು ಸೇಠ್. ಎರಡು ಸಲ ಓದಿ, ಕನ್ನಡಕ ತೆಗೆದು ಹೇಳಿದನಂತೆ: "ಅಣ್ಣಾ, ಇದು ರಸೀದಿ ಅಲ್ಲ, ಕೊರಳಿಗೆ ಹಗ್ಗ." ಮುಹೂರ್ತ ತಪ್ಪಬಾರದಲ್ಲ! ಅದೇ ಗಳಿಗೆಯಲ್ಲಿ ಬೀಗದ ಕೈ ಖಮಣ ಎಂಬ ಕಡಲೆಬೇಳೆಯ ತಿಂಡಿ ಮಾರುವ ಇನ್ನೊಬ್ಬನ ಪಾಲಾಯಿತು. ಕಾಯಿಯನ್ನೂ ಅವನೇ ಒಡೆದ.

ಇದನ್ನೆಲ್ಲ ಸಮೀಕ್ಷಾಳಿಗೆ ಫೋನಿನಲ್ಲಿ ಹೇಳಿದ್ದು ಯಶೋದಾ. "ನಿನ್ನ ಕುಂಡೆ ತೊಳೆದ ಕೈ ಇದು," ಎಂದಳು. "ಇದಕ್ಕಾ ತೊಳೆದದ್ದು?" ಆಮೇಲೆ ಫೋನ್ ಕಿತ್ತುಕೊಂಡ ಸದ್ದು.

"ಅವಳು ಬೈತಾಳೆ, ಬಿಡು ಮಗಾ," ಎಂದ ಸದಾಶಿವ. "ದೂರು ಬರೆಸು ಅಂತ ಸೇಠ್ ಹೇಳ್ತಾ ಇದ್ದಾನೆ. ಬರೆಸಿದ್ರೆ ನಿನ್ನ ಹೆಸರು ಬರಿಬೇಕಂತೆ. ನಿಂಗೆ ಗೊತ್ತಿರಲಿಲ್ಲ ಅಲ್ದಾ? ಅಷ್ಟು ಹೇಳು ಸಾಕು. ನಾ ಬರೆಸುದಿಲ್ಲ."

ಸಮೀಕ್ಷಾ ಆಫೀಸಿನ ಮೆಟ್ಟಿಲ ಮೇಲೆ ನಿಂತಿದ್ದಳು.

"ಗೊತ್ತಿರಲಿಲ್ಲ ಮಾಮಾ."

"ಹಾಂ. ಅದನ್ನೇ ನಾ ಇವಳಿಗೆ ಹೇಳಿದ್ದು."

ನವೆಂಬರಿನಲ್ಲಿ ಪತ್ರ ಬಂತು, ಕೆಲಸ ಕಾಯಂ. ಸದಾಶಿವ ಈಗ ಅದೇ ಮಳಿಗೆಯಲ್ಲಿ ಖಮಣದವನ ಕೈಕೆಳಗೆ ದಿನಗೂಲಿಗೆ ಹಿಟ್ಟು ರುಬ್ಬುತ್ತಾನೆ. ಕಾಲೇಜಿನ ಗೋಡೆಯ ಮೇಲಿನ ಹುಡುಗನನ್ನು ಅಳಿಸಿ ಸಮೀಕ್ಷಾಳ ಫೋಟೋ ಹಾಕಿದ್ದಾರೆ. ಮೊದಲ ಮೆಟ್ಟಿಲು ಇನ್ನೂ ಖಾಲಿ. ಗಿರಿಧರ ಆ ಗೋಡೆಯ ಚಿತ್ರವನ್ನು ಸಂಘದ ವಾಟ್ಸಾಪಿಗೆ ಹಾಕಿದ. ಐವತ್ತು ಜನ ಚಪ್ಪಾಳೆ ಒತ್ತಿದರು. ಅವನು ಪಟ್ಟಿಯಿಂದ ಕಡಿದಿದ್ದವರೇ ಬಹುತೇಕ.

ನೀವೂ ಒತ್ತಿರಬಹುದು. ನಿಮ್ಮ ಮನೆಯಲ್ಲೂ ಒಬ್ಬ ಮಗ ಅಥವಾ ಮಗಳು ಈ ಓದು ಓದುತ್ತಿರಬಹುದು. ಒಂದು ದಿನ ಆ ನೂರು ಸಾಲಿನ ಹಾಳೆ ನಿಮ್ಮ ಊಟದ ಮೇಜಿಗೂ ಬರುತ್ತದೆ. ಬಂದಾಗ ಕೆಂಪು ಪೆನ್ನು ಹುಡುಕಬೇಡಿ. ಮೊದಲನೆಯ ಸಾಲಿನಲ್ಲಿ ನಿಮ್ಮ ಹೆಸರು ಬರೆಯಿರಿ. ಬರೆಯಲು ಕೈ ಬರದಿದ್ದರೆ, ಮಗುವಿನ ಕಣ್ಣೆದುರೇ ಆ ಹಾಳೆ ಹರಿದು ಹಾಕಿ.